ಕೋಣ, ಕೋಲೆ ಬಸವ ಮತ್ತು ಹರಿಯುವ ನೀರು: ಹಿತವಚನದ ನುಡಿಗಟ್ಟುಗಳ ಮೂಲವನ್ನು ಕುರಿತು

ಬುದ್ಧಿಮಾತನ್ನು ಕೇಳುವವರನ್ನೂ ಕೇಳದವರನ್ನೂ ಕುರಿತು ಕನ್ನಡದಲ್ಲಿ ಬಳಕೆಯಲ್ಲಿರುವ ಗಾದೆ ಮತ್ತು ನುಡಿಗಟ್ಟುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕೂಡಲೇ ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಬಹುಪಾಲು ಸೋಲಿನ ಮಾತುಗಳು. 'ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ', 'ಕಿವುಡನ ಮುಂದೆ ಶಂಖ ಊದಿದಂತೆ', 'ಬೋರ್ಗಲ್ಲ ಮೇಲೆ ಮಳೆ ಸುರಿದಂತೆ' ಇವೆಲ್ಲ ಹೇಳಿದ್ದು ವ್ಯರ್ಥವಾಯಿತು ಎಂಬ ಹಳಹಳಿಕೆಯಿಂದ ಹುಟ್ಟಿದವು. ಕೇಳಿದವನನ್ನು ಕುರಿತ ನುಡಿಗಟ್ಟು ಇಲ್ಲವೆಂದಲ್ಲ. ಆದರೆ ಅದೂ ಹೊಗಳಿಕೆಯದಲ್ಲ. ಹೇಳಿದ್ದಕ್ಕೆಲ್ಲ ಒಪ್ಪುವವನನ್ನು ಕನ್ನಡಿಗರು 'ಕೋಲೆ ಬಸವನ ಹಾಗೆ ತಲೆಯಾಡಿಸುತ್ತಾನೆ' ಎಂದು ಹಾಸ್ಯ ಮಾಡುತ್ತಾರೆ. ಕೇಳದವನು ಕೋಣ, ಕೇಳಿದವನು ಬಸವ. ಈ ಎರಡು ಪ್ರಾಣಿಗಳ ನಡುವೆ, ಕೇಳಿ, ತೂಗಿ, ಒಪ್ಪುವ ಮನುಷ್ಯನೊಬ್ಬನಿಗೆ ನುಡಿಗಟ್ಟಿನ ಲೋಕದಲ್ಲಿ ಜಾಗ ದೊರೆಯುವುದು ಕಷ್ಟ.

ಗಾದೆಗಳನ್ನು ಅನುಭವದ ಸಾರವೆಂದೂ ವೇದಕ್ಕೆ ಸಮಾನವೆಂದೂ ಕೊಂಡಾಡುವ ರೂಢಿ ಶಾಲೆಯ ಗಾದೆ ವಿಸ್ತರಣೆಯ ಉತ್ತರಗಳಿಂದ ಹಿಡಿದು ವಿದ್ವತ್ ಗ್ರಂಥಗಳ ಮುನ್ನುಡಿಗಳವರೆಗೆ ಹಬ್ಬಿದೆ. ಹಾಗೆ ಕೊಂಡಾಡುವವರು ಒಂದು ಗಾದೆ ಯಾರ ಬಾಯಿಂದ ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಹಿತವಚನದ ಗಾದೆಗಳ ವಿಷಯದಲ್ಲಂತೂ ಈ ಪ್ರಶ್ನೆ ಅನಿವಾರ್ಯ. ಮಾತು ನಾಟದೆ ಹೋದಾಗ ತಪ್ಪು ಯಾರದು? ಹೇಳಿದವನದೋ, ಕೇಳಿದವನದೋ? ಕನ್ನಡದ ನುಡಿಗಟ್ಟುಗಳು ಈ ತೀರ್ಪನ್ನು ಮೊದಲೇ ಕೊಟ್ಟುಬಿಟ್ಟಿರುವಂತೆ ತೋರುತ್ತವೆ. ಆ ತೀರ್ಪು ಹೇಗೆ ಬಂತೆಂದು ತಿಳಿಯಲು, ನುಡಿಗಟ್ಟುಗಳ ಮೂಲವನ್ನು ಬರವಣಿಗೆಯಲ್ಲಿ ದಾಖಲಿಸಿಟ್ಟುಕೊಂಡಿರುವ ಚೀನೀ ಪರಂಪರೆಯ ಎರಡು ನಿದರ್ಶನಗಳನ್ನು ಜೊತೆಗಿಟ್ಟು ನೋಡುವುದು ಉಪಯುಕ್ತ.

ಚೀನೀ ಭಾಷೆಯಲ್ಲಿ 'ಛೆಂಗ್‌ಯು' ಎಂದು ಕರೆಯಲಾಗುವ, ಸಾಮಾನ್ಯವಾಗಿ ನಾಲ್ಕು ಅಕ್ಷರಗಳ ಸಿದ್ಧ ನುಡಿಗಟ್ಟುಗಳಿವೆ. ಅವುಗಳಲ್ಲಿ ಅನೇಕವುಗಳ ಹಿಂದೆ ಒಂದು ಗ್ರಂಥ, ಒಂದು ಪ್ರಸಂಗ, ಎಷ್ಟೋ ವೇಳೆ ಒಂದು ವರ್ಷವೂ ಇರುತ್ತದೆ. ಒಳ್ಳೆಯ ಸಲಹೆಯನ್ನು ತಡೆಯಿಲ್ಲದೆ ಸ್ವೀಕರಿಸುವುದನ್ನು ಸೂಚಿಸುವ 'ಛೊಂಗ್ ಷಾನ್ ರು ಲಿಯು' ಅಂಥದೊಂದು. ಒಳಿತನ್ನು ಹರಿಯುವ ನೀರಿನಂತೆ ಅನುಸರಿಸುವುದು ಎಂಬುದು ಅದರ ಪದಶಃ ಅರ್ಥ. 'ವಸಂತ ಮತ್ತು ಶರತ್ಕಾಲ'ದ ವಾರ್ಷಿಕ ದಾಖಲೆಗಳಿಗೆ ವಿಸ್ತಾರವಾದ ನಿರೂಪಣೆಯೆಂದು ಪರಂಪರೆ ಗುರುತಿಸುವ 'ಝುವೊ ಝುವಾನ್' ಗ್ರಂಥದಲ್ಲಿ, ಲು ರಾಜ್ಯದ ದೊರೆ ಛೆಂಗ್‌ನ 8ನೆಯ ವರ್ಷದ, ಅಂದರೆ ಕ್ರಿ.ಪೂ. 583ರ ಸಂಗತಿಗಳ ನಡುವೆ ಈ ಮಾತು ಬರುತ್ತದೆ. ಆದರೆ ಅದರ ಬೇರು ಎರಡು ವರ್ಷ ಹಿಂದಿನ ಘಟನೆಯಲ್ಲಿದೆ.

ಕ್ರಿ.ಪೂ. 585ರಲ್ಲಿ ಜಿನ್ ರಾಜ್ಯದ ಸೇನಾಧಿಪತಿ ಲುವಾನ್ ಷು, ಝೆಂಗ್ ರಾಜ್ಯದ ನೆರವಿಗೆ ಹೋಗಿ, ಚು ರಾಜ್ಯದ ಪಡೆ ಹಿಂದೆ ಸರಿದ ಮೇಲೆ ತ್ಸೈ ಎಂಬ ಸಣ್ಣ ರಾಜ್ಯದ ಮೇಲೆ ನುಗ್ಗಿದ. ತ್ಸೈಯನ್ನು ಕಾಯಲು ಚು ತನ್ನ ಎರಡು ಪ್ರಾಂತಗಳ ಪಡೆಗಳನ್ನು ಕಳುಹಿಸಿತು. ಎರಡು ಸೈನ್ಯಗಳೂ ಎದುರುಬದುರಾದಾಗ ಝಾವೊ ಮನೆತನದ ಇಬ್ಬರು ಸೇನಾನಿಗಳು ಯುದ್ಧಕ್ಕೆ ಅನುಮತಿ ಬೇಡಿದರು. ಲುವಾನ್ ಷು ಕೊಡುವ ಮನಸ್ಸು ಮಾಡಿದ್ದ. ಆಗ ಝೀ, ಫಾನ್ ಮತ್ತು ಹಾನ್ ಮನೆತನಗಳ ಮೂವರು ಅಡ್ಡಬಂದರು. ಅವರ ವಾದ ಸರಳವಾಗಿತ್ತು: ನಮ್ಮ ಇಡೀ ಸೈನ್ಯ ಎದುರಾಳಿಯ ಎರಡು ಪ್ರಾಂತಗಳ ದಂಡನ್ನು ಗೆದ್ದರೆ ಅದರಲ್ಲಿ ಕೀರ್ತಿಯಿಲ್ಲ, ಸೋತರೆ ಅಪಮಾನಕ್ಕೆ ಮಿತಿಯಿಲ್ಲ, ಆದ್ದರಿಂದ ಮರಳುವುದೇ ಲೇಸು. ಈ ಹಂತದಲ್ಲಿ ಯಾರೋ ಸೇನಾಧಿಪತಿಗೆ ಲೆಕ್ಕ ಒಪ್ಪಿಸುತ್ತಾರೆ. ನಿನ್ನ ಕೈಕೆಳಗಿನ ಸೇನಾನಿಗಳು 11 ಮಂದಿ, ಯುದ್ಧ ಬೇಡವೆನ್ನುವವರು 3 ಮಂದಿ ಮಾತ್ರ, ಹಾಗಿದ್ದ ಮೇಲೆ ಬಹುಮತದಂತೆ ನಡೆಯಬಾರದೇಕೆ ಎಂದು. ಲುವಾನ್ ಷು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಎರಡು ಸಲಹೆಗಳ ಗುಣ ಸಮವಾಗಿದ್ದಾಗ ತಲೆ ಎಣಿಸಬೇಕು, ಒಳ್ಳೆಯ ಸಲಹೆಯೇ ಬಹುಜನರ ಒಡೆಯ. ಸೈನ್ಯ ಹಿಂದಿರುಗಿತು. ಎರಡು ವರ್ಷಗಳ ಬಳಿಕ ಅದೇ ಮೂವರ ಮಾತಿನಂತೆ ನಡೆದು ಜಿನ್ ಪಡೆ ಷೆನ್ ರಾಜ್ಯದ ದೊರೆಯನ್ನು ಸೆರೆಹಿಡಿದಾಗ, ಗ್ರಂಥದ ನಿರೂಪಕ ಸೇನಾಧಿಪತಿಯ ಗುಣವನ್ನು ಹರಿಯುವ ನೀರಿಗೆ ಹೋಲಿಸಿ ಮೆಚ್ಚುತ್ತಾನೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದುದು ನೀರಿನ ಹೋಲಿಕೆಗಿಂತ ಅದರ ಹಿಂದಿನ ತಡೆ. ಇಂದಿನ ಬಳಕೆಯಲ್ಲಿ ಆ ನುಡಿಗಟ್ಟು ವಿನಯಶೀಲನನ್ನು ಹೊಗಳುವ ಮೃದುವಾದ ಮಾತಾಗಿದೆ. ಮೂಲದಲ್ಲಿ ಅದು ಮೃದುವಲ್ಲ. 8 ಜನರ ಮಾತನ್ನು ಪಕ್ಕಕ್ಕೆ ಸರಿಸಿ 3 ಜನರ ಮಾತನ್ನು ಹಿಡಿದವನಿಗೆ ಸಂದ ಪ್ರಶಂಸೆ ಅದು. ಅಲ್ಲಿ ಕೇಳುವುದೆಂದರೆ ಕೇಳದಿರುವುದೂ ಹೌದು. ಹತ್ತು ದಿಕ್ಕಿನಿಂದ ಬಂದ ಮಾತುಗಳ ನಡುವೆ ಯಾವುದು ಹಿತ ಎಂದು ನಿರ್ಣಯಿಸುವ ಹೊಣೆ ಪೂರ್ತಿಯಾಗಿ ಕೇಳುವವನದು. ನಿರ್ಣಯವಾದ ಬಳಿಕವಷ್ಟೇ ನೀರು ಹರಿಯುತ್ತದೆ.

ಕೋಲೆ ಬಸವನ ನುಡಿಗಟ್ಟನ್ನು ಇದರ ಪಕ್ಕದಲ್ಲಿಟ್ಟರೆ ಕನ್ನಡದ ದೃಷ್ಟಿ ಎಲ್ಲಿ ಬೇರೆಯಾಗುತ್ತದೆಂಬುದು ತಿಳಿಯುತ್ತದೆ. ಹಳೆಯ ಬೆಂಗಳೂರಿನ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ನಿವಾಸಿಗಳಿಗೆ ಈ ನುಡಿಗಟ್ಟಿನ ಮೂಲವನ್ನು ಗ್ರಂಥಗಳಲ್ಲಿ ಹುಡುಕುವ ಅಗತ್ಯ ಬೀಳಲಿಲ್ಲ. ಅದು ಬೀದಿಯಲ್ಲಿಯೇ ನಡೆದು ಬರುತ್ತಿತ್ತು. ಬಣ್ಣದ ಜೂಲು, ಕೊಂಬಿನ ಕಳಸ, ಕೊರಳ ಗೆಜ್ಜೆಗಳಿಂದ ಅಲಂಕೃತವಾದ ಎತ್ತು, ಜೊತೆಗೆ ಓಲಗ ಅಥವಾ ಡೋಲು. ಮನೆಯೊಡತಿ ಮನಸ್ಸಿನಲ್ಲಿಟ್ಟುಕೊಂಡ ಆಸೆಯನ್ನು ಊಹಿಸಿ ಯಜಮಾನ ಪ್ರಶ್ನೆ ಕೇಳುತ್ತಾನೆ. ಮಗಳಿಗೆ ಗಂಡು ಕೂಡಿಬರುತ್ತದೆಯೆ, ಮಗನಿಗೆ ನೌಕರಿ ಸಿಗುತ್ತದೆಯೆ? ಬಸವ ತಲೆಯಾಡಿಸುತ್ತದೆ. ಅಕ್ಕಿ, ಹಳೆಯ ಬಟ್ಟೆ, ಚಿಲ್ಲರೆ ಕಾಸು ಸಲ್ಲುತ್ತದೆ. ಈ ವೃತ್ತಿಯವರಲ್ಲಿ ತೆಲುಗು ಮನೆಮಾತಿನವರು ಹಲವರು. ತೆಲುಗಿನಲ್ಲಿ ಈ ಎತ್ತು 'ಗಂಗಿರೆದ್ದು', ತಮಿಳಿನಲ್ಲಿ 'ಬೂಂ ಬೂಂ ಮಾಡು'. ಎರಡೂ ಭಾಷೆಗಳಲ್ಲಿ ತಲೆಯಾಡಿಸುವವನನ್ನು ಇದಕ್ಕೇ ಹೋಲಿಸುತ್ತಾರೆ. ಅಂದರೆ ನುಡಿಗಟ್ಟಿನ ಮೂಲ ಒಂದು ಗ್ರಂಥವಲ್ಲ, ಒಂದು ಪ್ರದರ್ಶನ. ಮೂರು ಭಾಷೆಗಳ ಜನ ಒಂದೇ ಪ್ರದರ್ಶನವನ್ನು ನೋಡಿ ಒಂದೇ ಹೋಲಿಕೆಗೆ ಬಂದಿದ್ದಾರೆ.

ಆದರೆ ಪ್ರದರ್ಶನದಲ್ಲಿ ನಡೆಯುವುದೇ ಬೇರೆ, ನುಡಿಗಟ್ಟು ಹೇಳುವುದೇ ಬೇರೆ. ಕೋಲೆ ಬಸವ ಎಲ್ಲದಕ್ಕೂ ತಲೆಯಾಡಿಸುವ ಮೂಢ ಪಶುವಲ್ಲ. ಎಳವೆಯಿಂದ ಪಳಗಿಸಲ್ಪಟ್ಟು, ಯಜಮಾನನ ಸ್ವರದ ಏರಿಳಿತ, ಹಗ್ಗದ ಸಣ್ಣ ಸೆಳೆತ, ವಾದ್ಯದ ಪೆಟ್ಟುಗಳನ್ನು ಗುರುತಿಸಿ, ಎಲ್ಲಿ ಹೌದೆನ್ನಬೇಕು, ಎಲ್ಲಿ ಅಲ್ಲವೆನ್ನಬೇಕು ಎಂಬುದನ್ನು ಬೇರ್ಪಡಿಸುವ ಕಲಾವಿದ ಅದು. ರಾಮ ಸೀತೆಯರ ಆಟದಲ್ಲಿ ಮುನಿಸಿಕೊಂಡ ಸೀತೆಯಾದ ಹಸು ಹತ್ತಿರ ಬರಲು ನಿರಾಕರಿಸುವುದೂ ಉಂಟು. ಮಲಗಿದ ಯಜಮಾನನ ಎದೆಯ ಮೇಲೆ ಭಾರ ಬಿಡದೆ ಕಾಲಿಡುವುದೂ ಉಂಟು. ಇಷ್ಟು ಸೂಕ್ಷ್ಮವಾಗಿ ಕಿವಿಗೊಡುವ ಪ್ರಾಣಿಯನ್ನು ವಿವೇಚನೆಯಿಲ್ಲದ ಒಪ್ಪಿಗೆಯ ಸಂಕೇತವಾಗಿಸಿದವರು ಜಗಲಿಯ ಮೇಲೆ ನಿಂತು ನೋಡಿದವರೇ ಹೊರತು ಹಗ್ಗ ಹಿಡಿದವರಲ್ಲ. ನುಡಿಗಟ್ಟು ಪ್ರೇಕ್ಷಕರ ಕಡೆಯಿಂದ ಹುಟ್ಟಿದೆ. ಇದೊಂದು ಸಣ್ಣ ಅಂಶವೆಂದು ತಳ್ಳಿಹಾಕುವಂತಿಲ್ಲ. ಮುಂದೆ ಕೋಣನ ವಿಷಯದಲ್ಲಿಯೂ ಇದೇ ಮರುಕಳಿಸುತ್ತದೆ.

ಬಸವನಗುಡಿಗೆ ಹೆಸರು ಕೊಟ್ಟ ಏಕಶಿಲೆಯ ದೊಡ್ಡ ಬಸವನ ಕಥೆಯನ್ನೂ ಇಲ್ಲಿ ಸ್ಮರಿಸಬಹುದು. ಸುಂಕೇನಹಳ್ಳಿಯ ರೈತರ ಕಡಲೆಕಾಯಿ ಬೆಳೆಯನ್ನು ಮೇಯುತ್ತಿದ್ದ ಬಸವನನ್ನು ಹೊಡೆದಾಗ ಅದು ಕಲ್ಲಾಯಿತೆಂದೂ, ಪಶ್ಚಾತ್ತಾಪಗೊಂಡ ರೈತರು ಮೊದಲ ಫಸಲನ್ನು ಒಪ್ಪಿಸುವ ಹರಕೆ ಹೊತ್ತರೆಂದೂ ಐತಿಹ್ಯ. ಕಾರ್ತೀಕದ ಕಡೆಯ ಸೋಮವಾರದ ಪರಿಷೆಗೆ ಇದೇ ಕಾರಣಕಥೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆಯಾದುದರಿಂದ ಕಥೆಯ ಈ ರೂಪ ಬಹಳ ಹಳೆಯದಾಗಿರಲಾರದು. ಆದರೂ ಒಂದು ವಿಷಯ ಸ್ಪಷ್ಟ: ಈ ನಗರದ ಐತಿಹ್ಯದಲ್ಲಿ ಮಾತು ಕೇಳದ ಬಸವನಿಗೆ ಗುಡಿ ಸಿಕ್ಕಿತು, ಮಾತು ಕೇಳುವ ಬಸವನಿಗೆ ಬೀದಿ.

ಇನ್ನು ಕೋಣ. 'ಕೋಣನ ಮುಂದೆ ಕಿನ್ನರಿ' ಎಂಬ ಹೋಲಿಕೆಯ ಹರವು ಬೆರಗು ಹುಟ್ಟಿಸುವಂಥದು. ಹಿಂದಿಯಲ್ಲಿ ಎಮ್ಮೆಯ ಮುಂದೆ ಬೀನ್ ನುಡಿಸುತ್ತಾರೆ. ಎಮ್ಮೆ ಮೆಲುಕು ಹಾಕುತ್ತ ನಿಂತಿರುತ್ತದೆ. ಬರ್ಮೀ ಭಾಷೆಯಲ್ಲಿ ಎಮ್ಮೆಯ ಬಳಿ ಬಾಗು ವೀಣೆ, ಥಾಯ್ ಭಾಷೆಯಲ್ಲಿ ಎಮ್ಮೆಗೆ 'ಸೋ' ಎಂಬ ಪಿಟೀಲು, ವಿಯೆಟ್ನಾಮಿಯಲ್ಲಿ ಎಮ್ಮೆಯ ಕಿವಿಗೆ ತಂತಿವಾದ್ಯ. ಜಪಾನಿನಲ್ಲಿ ಪ್ರಾಣಿಯೂ ವಾದ್ಯವೂ ಬದಲಾಗಿ ಕುದುರೆಯ ಕಿವಿಗೆ ಬುದ್ಧನಾಮಸ್ಮರಣೆಯಾಗುತ್ತದೆ. ಪ್ರಾಚೀನ ಗ್ರೀಕರಲ್ಲಿ ಕತ್ತೆ ಮತ್ತು ಲೈರ್ ವಾದ್ಯದ ಮಾತು ಗಾದೆಯಾಗಿತ್ತು. ಇಂಥ ಹರವನ್ನು ಕಂಡ ಕೂಡಲೇ ಪ್ರಸರಣವಾದಿಗಳು ಒಂದು ಮೂಲವನ್ನೂ ಒಂದು ದಾರಿಯನ್ನೂ ಊಹಿಸತೊಡಗುತ್ತಾರೆ. ಸಾಕಿದ ದನ ಮತ್ತು ತಂತಿವಾದ್ಯ ಎರಡೂ ಇರುವ ಯಾವ ಸಮಾಜದಲ್ಲಾದರೂ ಈ ಹೋಲಿಕೆ ಸ್ವತಂತ್ರವಾಗಿ ಹುಟ್ಟಬಹುದು ಎಂಬುದು ಬಹುಮೂಲವಾದಿಗಳ ಪಕ್ಷ. ಗ್ರೀಸಿನಿಂದ ಕನ್ನಡಕ್ಕೆ ದಾರಿ ಎಳೆಯುವುದು ಸಾಹಸವೇ ಸರಿ. ಆದರೆ ಬರ್ಮಾ, ಥಾಯ್‌ಲೆಂಡ್, ವಿಯೆಟ್ನಾಂಗಳ ಒಂದೇ ಅಚ್ಚಿನ ರೂಪಗಳನ್ನು ಕಂಡಾಗ, ಅಷ್ಟರಮಟ್ಟಿಗಾದರೂ ಪರಸ್ಪರ ಸಂಪರ್ಕವನ್ನು ತಳ್ಳಿಹಾಕಲಾಗದು.

ಈ ಹೋಲಿಕೆಗೆ ಲಿಖಿತ ಮೂಲವನ್ನು ತೋರಿಸುವವರು ಚೀನೀಯರು. 'ಡುಯಿ ನಿಯು ತಾನ್ ಛಿನ್', ಎತ್ತಿನ ಮುಂದೆ ಛಿನ್ ವಾದ್ಯ ನುಡಿಸುವುದು, ಎಂಬ ನುಡಿಗಟ್ಟಿಗೆ ಅವರು ಕೊಡುವ ಆಧಾರ 'ಮೌಜಿ' ಎಂಬ ಬೌದ್ಧ ಸಮರ್ಥನ ಗ್ರಂಥ. ಸಂಪ್ರದಾಯ ಇದನ್ನು ಕ್ರಿ.ಶ. 2ನೆಯ ಶತಮಾನದ ಕೊನೆಗೆ ಸೇರಿಸುತ್ತದೆ. ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. 6ನೆಯ ಶತಮಾನದ ಆದಿಭಾಗದಲ್ಲಿ ಸೆಂಗ್‌ಯು ಎಂಬ ಭಿಕ್ಷು ಸಂಕಲಿಸಿದ ಸಂಗ್ರಹದಲ್ಲಿ ಅದು ಉಳಿದುಬಂದಿದೆ. ಭಾರತದಿಂದ ಬಂದ ಧರ್ಮವನ್ನು ಕನ್ಫ್ಯೂಷಿಯಸ್ ಪಂಥದ ವಿದ್ಯಾವಂತರಿಗೆ ವಿವರಿಸುವುದು ಗ್ರಂಥದ ಉದ್ದೇಶ. ಅಲ್ಲಿ ಪ್ರಶ್ನಿಸುವವನು ಒಂದು ಸಹಜವಾದ ಆಕ್ಷೇಪ ಎತ್ತುತ್ತಾನೆ: ಬೌದ್ಧ ಸೂತ್ರಗಳು ಅಷ್ಟು ಶ್ರೇಷ್ಠವಾಗಿದ್ದರೆ ಅವುಗಳನ್ನೇ ಉದ್ಧರಿಸದೆ ಚೀನೀ ಪ್ರಾಚೀನ ಗ್ರಂಥಗಳನ್ನೇಕೆ ಉದ್ಧರಿಸುತ್ತೀ? ಅದಕ್ಕೆ ಉತ್ತರವಾಗಿ ಮೌಜಿ ಗೋಂಗ್‌ಮಿಂಗ್ ಯೀ ಎಂಬ ವಾದಕನ ಕಥೆ ಹೇಳುತ್ತಾನೆ. ಆತ ಎತ್ತಿನ ಮುಂದೆ ಒಂದು ಶ್ರೇಷ್ಠ ರಾಗವನ್ನು ನುಡಿಸಿದ. ಎತ್ತು ಮೇಯುತ್ತಲೇ ಇತ್ತು. ಅದಕ್ಕೆ ಕೇಳಿಸಲಿಲ್ಲವೆಂದಲ್ಲ, ಆ ಸ್ವರ ಅದರ ಕಿವಿಗೆ ಹೊಂದಲಿಲ್ಲ. ಆಗ ವಾದಕ ರಾಗವನ್ನು ಬಿಟ್ಟು ಸೊಳ್ಳೆ ನೊಣಗಳ ಗುಂಯ್‌ಗುಡುವಿಕೆಯನ್ನೂ ತಾಯಿಯನ್ನಗಲಿದ ಕರುವಿನ ಕೂಗನ್ನೂ ತಂತಿಯ ಮೇಲೆ ತಂದ. ಎತ್ತು ಬಾಲ ಬೀಸಿತು, ಕಿವಿ ನಿಮಿರಿಸಿತು, ಅತ್ತಿತ್ತ ಹೆಜ್ಜೆಯಿಡುತ್ತ ಆಲಿಸಿತು.

ಈ ಕಥೆಯ ಎರಡನೆಯ ಅರ್ಧ ಇಲ್ಲದಿದ್ದರೆ ಮೊದಲ ಅರ್ಧಕ್ಕೆ ಗ್ರಂಥದಲ್ಲಿ ಕೆಲಸವೇ ಇಲ್ಲ. ಮೌಜಿಯ ವಾದ ನಿಂತಿರುವುದೇ ಕರುವಿನ ಕೂಗಿನ ಮೇಲೆ. ನೀನು ಬಲ್ಲ ಗ್ರಂಥಗಳಿಂದ ಮಾತಾಡುತ್ತೇನೆ, ಏಕೆಂದರೆ ಕೇಳಿಸುವಂತೆ ಹೇಳುವ ಹೊಣೆ ನನ್ನದು ಎಂಬುದು ಅವನ ನಿಲುವು. ಎದುರಾಳಿಯನ್ನು ಎತ್ತಿಗೆ ಹೋಲಿಸಿದಂತಾಯಿತಲ್ಲ ಎಂದು ಯಾರಾದರೂ ನಕ್ಕರೆ ಅದೂ ಸಹಜವೇ. ಧರ್ಮಪ್ರಚಾರಕರು ಪೂರ್ತಿ ವಿನಯವಂತರಾಗಿರುವುದು ಅಪರೂಪ. ಆದರೆ ನುಡಿಗಟ್ಟು ನಾಲ್ಕು ಅಕ್ಷರಗಳಿಗೆ ಇಳಿದಾಗ ಕರು, ಸೊಳ್ಳೆ, ವಾದಕನ ಹೆಸರು ಎಲ್ಲವೂ ಉದುರಿಹೋದವು. ಉಳಿದದ್ದು ಮೇಯುತ್ತಿರುವ ಎತ್ತು ಮಾತ್ರ. ವಾದಕನ ಕೌಶಲದ ಕಥೆ ಎತ್ತಿನ ದಡ್ಡತನದ ಮಾತಾಯಿತು. ನೀರಿನ ನುಡಿಗಟ್ಟಿನಲ್ಲಿ 11 ಸೇನಾನಿಗಳ ಲೆಕ್ಕ ಮರೆತುಹೋದಂತೆಯೇ ಇದೂ. ನುಡಿಗಟ್ಟು ಚಿಕ್ಕದಾದಂತೆ ಹೇಳುವವನಿಗೆ ಅನುಕೂಲಕರವಾಗುತ್ತ ಹೋಗುತ್ತದೆ.

ಕನ್ನಡದ ರೂಪದಲ್ಲಿ ಈ ಅನುಕೂಲ ವ್ಯಾಕರಣದಲ್ಲಿಯೇ ಅಡಗಿದೆ. 'ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ' ಎಂಬಲ್ಲಿ ಕೋಣನಿದ್ದಾನೆ, ಕಿನ್ನರಿಯಿದೆ, ಬಾರಿಸಿದವನು ಯಾರು? ಕರ್ತೃ ಇಲ್ಲ. 'ಅಂತೆ' ಎಂಬ ಪ್ರತ್ಯಯದಿಂದ ಮುಗಿಯುವ ಈ ಬಗೆಯ ಗಾದೆಗಳು ಸ್ವತಂತ್ರ ವಾಕ್ಯಗಳಲ್ಲ. ಬಳಸುವ ಸಂದರ್ಭ ಅವುಗಳನ್ನು ಪೂರ್ತಿಗೊಳಿಸುತ್ತದೆ. ಆಡುವವನೇ ವಾದಕ, ಆದರೆ ಅವನ ಹೆಸರು ವಾಕ್ಯದಲ್ಲಿ ಬಾರದು. ಪರೀಕ್ಷೆಗೆ ಒಳಗಾಗುವುದು ಕೋಣ ಮಾತ್ರ. ಕಿನ್ನರಿಯ ಶ್ರುತಿ ಸರಿಯಿತ್ತೆ ಎಂದು ಕೇಳಲು ಈ ವಾಕ್ಯದಲ್ಲಿ ಎಡೆಯಿಲ್ಲ. ಜಾನಪದ ಪಠ್ಯವನ್ನು ಅದರ ಸಂದರ್ಭದಿಂದ ಬಿಡಿಸಿ ಓದಬಾರದೆಂದು ಅಲನ್ ಡಂಡೆಸ್ 1964ರಷ್ಟು ಹಿಂದೆಯೇ ಒತ್ತಿ ಹೇಳಿದ್ದರೂ, ಕನ್ನಡದ ಗಾದೆ ಸಂಗ್ರಹಗಳು ಬಹುಮಟ್ಟಿಗೆ ಅಕಾರಾದಿ ಪಟ್ಟಿಗಳಾಗಿಯೇ ಉಳಿದಿವೆ. ಯಾರು ಯಾರಿಗೆ, ಯಾವಾಗ ಹೇಳಿದರು ಎಂಬ ಮಾಹಿತಿ ಅವುಗಳಲ್ಲಿ ದೊರೆಯುವುದು ವಿರಳ.

ಕಿನ್ನರಿಯ ಕುರಿತೂ ಒಂದು ಮಾತು ಅಗತ್ಯ. ಗಾದೆಯನ್ನು ವಿಸ್ತರಿಸುವವರು ಅದನ್ನು ವೀಣೆಯಂಥ ಘನ ವಾದ್ಯವೆಂದು ಭಾವಿಸಿ, ಉನ್ನತ ಕಲೆ ಮತ್ತು ಅರಸಿಕತೆಗಳ ನಡುವಣ ವಿರೋಧವಾಗಿ ವಿವರಿಸುತ್ತಾರೆ. 13ನೆಯ ಶತಮಾನದ 'ಸಂಗೀತರತ್ನಾಕರ' ಕಿನ್ನರಿಯ ಭೇದಗಳನ್ನು ವರ್ಣಿಸುತ್ತದೆ ಎಂಬುದು ನಿಜ. ಆದರೆ ಕನ್ನಡ ನಾಡಿನ ನೆನಪಿನಲ್ಲಿ ಕಿನ್ನರಿ ಆಸ್ಥಾನದ ವಾದ್ಯಕ್ಕಿಂತ ಹೆಚ್ಚಾಗಿ ಭಕ್ತರ ಮತ್ತು ಜೋಗಿಗಳ ವಾದ್ಯ. ಕಿನ್ನರಿ ಬೊಮ್ಮಯ್ಯ ಶರಣರ ಸಾಲಿನವನು. ಸೋರೆಬುರುಡೆಗಳನ್ನು ಕಟ್ಟಿ ನವಿಲುಗರಿಯಿಂದ ಸಿಂಗರಿಸಿದ ಕಿನ್ನರಿಯನ್ನು ಹಿಡಿದು ಊರೂರು ಅಲೆಯುವ ಕಿನ್ನರಿ ಜೋಗಿಗಳು ಅರ್ಜುನ ಜೋಗಿಯ ಕಥೆಯನ್ನು ಹಾಡಿ ಕಾಳು ಬೇಡುವವರು. ಬ್ರೌನಿಂಗನ ಕವನವನ್ನು ಕನ್ನಡಕ್ಕೆ ತರುವಾಗ ಕುವೆಂಪು ಅವರು ಪರದೇಶದ ಕೊಳಲೂದುವವನನ್ನು ಕಿಂದರಿಜೋಗಿಯನ್ನಾಗಿಸಿದುದು ಈ ನೆನಪಿನ ಬಲದಿಂದಲೇ. ಅಲ್ಲಿ ಇಲಿಗಳಿಗೂ ಮಕ್ಕಳಿಗೂ ನಾದ ಕೇಳಿಸುತ್ತದೆ. ಕೇಳಿಸದಿರುವುದು, ಆಡಿದ ಮಾತಿಗೆ ತಪ್ಪುವ ಊರಿನ ಹಿರಿಯರಿಗೆ. ಮನೆಮನೆಯ ಮುಂದೆ ನಿಂತು ಕೇಳುಗನ ಮನವೊಲಿಸಿಯೇ ಹೊಟ್ಟೆ ಹೊರೆಯಬೇಕಾದ ಜೋಗಿ, ಕೇಳುಗನನ್ನು ಕೋಣನೆಂದು ಜರೆದು ಮುಂದೆ ಹೋಗಲಾರ. ಆದ್ದರಿಂದ ಈ ಗಾದೆ ಕಿನ್ನರಿಯವನ ಬಾಯಿಂದ ಬಂದಿರುವ ಸಾಧ್ಯತೆ ಕಡಿಮೆ. ಕೋಲೆ ಬಸವನ ನುಡಿಗಟ್ಟಿನಂತೆ ಇದೂ ನಿಂತು ನೋಡಿದವರ ಮಾತು.

ಕೋಣನನ್ನೇ ಏಕೆ ಆರಿಸಲಾಯಿತು ಎಂಬ ಪ್ರಶ್ನೆ ಇನ್ನೂ ಆಳಕ್ಕೆ ಒಯ್ಯುತ್ತದೆ. ಕನ್ನಡ ನಾಡಿನ ಗ್ರಾಮದೇವತೆಯ ಆಚರಣೆಗಳಲ್ಲಿ ಕೋಣ ಸಾಮಾನ್ಯ ಪಶುವಲ್ಲ. ಅದು ಮಾರಿಕೋಣ, ಬಲಿಯ ಪಶು. ಈ ಬಲಿಗೆ ದಕ್ಷಿಣ ಭಾರತದ ಹಲವೆಡೆ ಹೇಳುವ ಕಾರಣಕಥೆಯ ಒಂದು ಪಾಠವನ್ನು ಹೆನ್ರಿ ವೈಟ್‌ಹೆಡ್ 1916ರಲ್ಲಿ ಪ್ರಕಟವಾದ ಗ್ರಾಮದೇವತೆಗಳ ಕುರಿತ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಅಸ್ಪೃಶ್ಯವೆಂದು ದೂರವಿಡಲಾದ ಸಮುದಾಯದ ಒಬ್ಬ ಯುವಕ ವೇದಗಳನ್ನು ಚೆನ್ನಾಗಿ ಬಲ್ಲವನು. ಬ್ರಾಹ್ಮಣನ ವೇಷದಲ್ಲಿ ಬಂದು ಮೇಲುಜಾತಿಯ ಕನ್ಯೆಯನ್ನು ಮದುವೆಯಾಗುತ್ತಾನೆ. ನಿಜ ತಿಳಿದಾಗ ಆಕೆ ಬೆಂಕಿಗೆ ಬಿದ್ದು ದೇವತೆಯಾಗುತ್ತಾಳೆ, ಅವನು ಕೋಣನಾಗುತ್ತಾನೆ. ಕರ್ನಾಟಕದ ಮಾರಿಯ ಕಥೆಗಳಲ್ಲಿ ಇದರ ಪಾಠಾಂತರಗಳು ಸುಪರಿಚಿತ.

ಈ ಪುರಾಣವನ್ನು ಗಾದೆಯ ಪಕ್ಕದಲ್ಲಿಟ್ಟು ಓದಿದವರು ಕಡಿಮೆ. ಗಾದೆಯ ಕೋಣ ಕೇಳಿಸಿಕೊಳ್ಳಲಾರದು, ಹೇಳಿದರೂ ತಲೆಗೆ ಹತ್ತದು. ಪುರಾಣದ ಕೋಣ ತನಗೆ ನಿಷೇಧಿಸಿದ್ದನ್ನು ಕೇಳಿಸಿಕೊಂಡದ್ದು, ಚೆನ್ನಾಗಿ ಕಲಿತದ್ದು. ಕಲಿತವನ ಮೇಲೆಯೇ ಶಿಕ್ಷೆ ಬೀಳುತ್ತದೆ. ಒಂದು ಸಮಾಜ ಯಾರಿಗೆ ಕೇಳುವ ಹಕ್ಕನ್ನು ನಿರಾಕರಿಸಿತೋ ಅವರನ್ನೇ ಕೇಳುವ ಶಕ್ತಿಯಿಲ್ಲದವರೆಂದು ನುಡಿಗಟ್ಟಿನಲ್ಲಿ ಸಾರಿತೆ? ಗಾದೆಯೇ ಈ ಪುರಾಣದಿಂದ ಹುಟ್ಟಿತೆಂದು ಹೇಳಲು ಆಧಾರವಿಲ್ಲ. ಹಿಂದಿಯಿಂದ ವಿಯೆಟ್ನಾಮಿಯವರೆಗೆ ಹರಡಿದ ಹೋಲಿಕೆಗೆ ಒಂದು ಪ್ರಾದೇಶಿಕ ಪುರಾಣ ಮೂಲವಾಗಲಾರದು. ಆದರೆ ಗಾದೆಯೊಂದು ಯಾವ ನೆಲದಲ್ಲಿ ಬೇರುಬಿಟ್ಟಿತೋ ಆ ನೆಲದ ಅರ್ಥಗಳನ್ನು ಹೀರಿಕೊಳ್ಳುತ್ತದೆ. ಹಳ್ಳಿಯಿಂದ ಬಂದ ಹುಡುಗನಿಗೆ ಪಾಠ ಹತ್ತದಿದ್ದಾಗ ಈ ಗಾದೆಯನ್ನು ಆಡುವ ಉಪಾಧ್ಯಾಯನ ದನಿಯಲ್ಲಿ ಎಮ್ಮೆಯ ದಪ್ಪ ಚರ್ಮಕ್ಕಿಂತ ಹೆಚ್ಚಿನದೊಂದು ಸೇರಿರುತ್ತದೆ. ಪರೀಕ್ಷೆಯ ಗಾದೆ ವಿಸ್ತರಣೆಯಲ್ಲಿ ಮೂರ್ಖರಿಗೆ ಉಪದೇಶ ವ್ಯರ್ಥ ಎಂದು ಬರೆಯಲು ಮಕ್ಕಳಿಗೆ ಕಲಿಸುವಾಗ, ಆ ಮೂರ್ಖರು ಯಾರೆಂದು ತರಗತಿಯ ಹಿಂದಿನ ಬೆಂಚಿಗೆ ತಿಳಿದಿರುತ್ತದೆ.

ದನಗಳು ಹಾಡಿಗೆ ಕಿವಿಗೊಡುವುದಿಲ್ಲ ಎಂಬ ಮಾತನ್ನು ಒಕ್ಕಲುತನದ ಪರಂಪರೆ ಒಪ್ಪುವುದೂ ಇಲ್ಲ. ಪಂಪುಸೆಟ್ಟುಗಳು ಬರುವ ಮುನ್ನ ಹಳೆಯ ಮೈಸೂರು ಸೀಮೆಯ ಬಾವಿಗಳಲ್ಲಿ ಕಪಿಲೆ ಹೊಡೆಯುತ್ತಿದ್ದರು. ಇಳಿಜಾರಿನಲ್ಲಿ ಎತ್ತುಗಳು ಹಗ್ಗವನ್ನೆಳೆದು ಇಳಿಯಬೇಕು, ತೊಗಲ ಬಾನಿ ಬರಿದಾದ ಮೇಲೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಏರಬೇಕು. ಈ ಕೆಲಸದ ಹಾಡುಗಳು ಜಾನಪದ ಸಂಗ್ರಹಗಳಲ್ಲಿ ಕಪಿಲೆ ಪದಗಳೆಂದು ದಾಖಲಾಗಿವೆ. ಹಾಡಿನ ಎಳೆತ ಎತ್ತುಗಳ ನಡಿಗೆಗೆ ಹೊಂದಿಕೊಂಡದ್ದು. ನಡುವೆ ಎತ್ತುಗಳನ್ನೇ ಸಂಬೋಧಿಸುವ ಉದ್ಗಾರಗಳು. ಗೋಂಗ್‌ಮಿಂಗ್ ಯೀ ಮೊದಲ ರಾಗದಲ್ಲಿ ಸೋತು ಎರಡನೆಯದರಲ್ಲಿ ಕಂಡುಕೊಂಡದ್ದನ್ನು ಕಪಿಲೆ ಹೊಡೆಯುವವನು ಮೊದಲೇ ಬಲ್ಲ. ಗಾದೆಯೂ ಜಾನಪದ, ಕಪಿಲೆಯ ಹಾಡೂ ಜಾನಪದ. 'ಜನಪದರ ಅಭಿಪ್ರಾಯ' ಎಂದು ಏಕವಚನದಲ್ಲಿ ಬರೆಯುವ ವಿದ್ವಾಂಸರಿಗೆ ಈ ವಿರೋಧ ತೊಡಕಾಗಬೇಕು.

ಶಿಷ್ಟ ಸಾಹಿತ್ಯ ಈ ವಿಷಯದಲ್ಲಿ ಬೇರೆಯೇ ದಾರಿ ಹಿಡಿದಿದೆ. ಹಿತವಚನದ ನುಡಿಗಟ್ಟುಗಳಲ್ಲಿ ಹೆಸರುಳ್ಳ ವ್ಯಕ್ತಿಗಳಿರುವುದು ಕನ್ನಡದಲ್ಲಿ ಮುಖ್ಯವಾಗಿ ಭಾರತದ ಕಥೆಯಿಂದ: ಶಲ್ಯಸಾರಥ್ಯ, ವಿದುರನೀತಿ, ಶಕುನಿಯ ಬುದ್ಧಿ. ಚೀನೀಯರಿಗೆ ರಾಜ್ಯಗಳ ಚರಿತ್ರೆ ಒದಗಿಸಿದ್ದನ್ನು ಕನ್ನಡಿಗರಿಗೆ ಇತಿಹಾಸಕಾವ್ಯ ಒದಗಿಸಿತು. ಚರಿತ್ರೆಯ ದೊರೆಯ ಹೆಸರಿನಿಂದ ಬಂದ 'ತುಘಲಕ್ ದರ್ಬಾರು' ಇದಕ್ಕೆ ವಿರಳವಾದ ಅಪವಾದ. ಆದರೆ ಹಿತವಚನವನ್ನು ಕೇಳದ ದೊರೆಗೆ ಕನ್ನಡ ಕವಿಗಳು ಸಲ್ಲಿಸಿದ ಗೌರವ ಅಸಾಮಾನ್ಯ. 941ರ ಸುಮಾರಿಗೆ ಪಂಪ, 10ನೆಯ ಶತಮಾನದ ಕೊನೆಯಲ್ಲಿ ರನ್ನ, ಇಬ್ಬರೂ ದುರ್ಯೋಧನನ ಛಲವನ್ನು ದೋಷವೆಂದಷ್ಟೇ ಕಾಣಲಿಲ್ಲ. ಶರಶಯ್ಯೆಯ ಭೀಷ್ಮನ ಸಂಧಿಯ ಸಲಹೆಯನ್ನು ಒಲ್ಲೆನೆನ್ನುವ ರನ್ನನ ದುರ್ಯೋಧನನನ್ನು ಯಾರೂ ಕೋಣನೆನ್ನಲಾರರು. ಅರಸ ಕೇಳದಿದ್ದರೆ ಅದು ಛಲ. ಆಳು ಕೇಳದಿದ್ದರೆ ಅದು ಕೋಣತನ. ನುಡಿಗಟ್ಟು ಮತ್ತು ಮಹಾಕಾವ್ಯಗಳ ನಡುವಿನ ಈ ಅಂತರ ಸಾಮಾಜಿಕ ಅಂತರವೇ.

ಬಸವನಗುಡಿಯ ನೆಲದಲ್ಲಿಯೇ ಈ ಸಮಸ್ಯೆಗೆ ಒಂದು ಭಿನ್ನವಾದ ಪರಿಹಾರ ರೂಪುಗೊಂಡಿತೆನ್ನಬಹುದು. ಪತ್ರಕರ್ತರಾಗಿ ಸಂಸ್ಥಾನದ ಅಧಿಕಾರಿಗಳಿಗೂ ಸಾರ್ವಜನಿಕರಿಗೂ ದೀರ್ಘಕಾಲ ಬುದ್ಧಿಮಾತು ಹೇಳಿದ, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ ಡಿ.ವಿ. ಗುಂಡಪ್ಪನವರು, 1943ರಲ್ಲಿ ಪ್ರಕಟವಾದ 'ಮಂಕುತಿಮ್ಮನ ಕಗ್ಗ'ದಲ್ಲಿ ಉಪದೇಶದ ಪದ್ಯಗಳಿಗೆ ಅಂಕಿತವಾಗಿ ಆರಿಸಿಕೊಂಡದ್ದು ಮಂಕುತಿಮ್ಮನೆಂಬ ಹೆಸರನ್ನು. ಮಂಕು ಕವಿದ ತಿಮ್ಮ ಪದ್ಯದಲ್ಲಿ ಸಂಬೋಧಿತನೂ ಹೌದು, ಶೀರ್ಷಿಕೆಯ ಪ್ರಕಾರ ಕಗ್ಗದ ಕರ್ತೃವೂ ಹೌದು. ಹೇಳುವವನು ಎದುರಿನವನನ್ನು ಮಂಕನೆಂದು ಕರೆಯುವಾಗ ತನ್ನ ಹೆಸರನ್ನೇ ಕರೆದುಕೊಳ್ಳುತ್ತಾನೆ. ಗಾದೆಯ ವ್ಯಾಕರಣದಲ್ಲಿ ಕಾಣೆಯಾಗಿದ್ದ ವಾದಕ ಇಲ್ಲಿ ಕೋಣನ ಜಾಗದಲ್ಲಿ ಬಂದು ಕುಳಿತಿದ್ದಾನೆ. ಕಗ್ಗವನ್ನು ಇತರರಿಗೆ ಉಪದೇಶಿಸಲು ಬಳಸುವ ಇಂದಿನ ವೇದಿಕೆಗಳಲ್ಲಿ ಈ ಅಂಕಿತದ ಮೊನೆ ಹಲವೊಮ್ಮೆ ಮೊಂಡಾಗಿರುತ್ತದೆ ಎಂಬುದು ಬೇರೆ ಮಾತು.

ಕೊನೆಯದಾಗಿ ಮೂಲಶೋಧನೆಯ ವಿಧಾನದ ಬಗ್ಗೆ. ಗಾದೆಗೊಂದು ಕಥೆ ಕಟ್ಟುವ ಉತ್ಸಾಹ ಕನ್ನಡದಲ್ಲಿ ಕಡಿಮೆಯೇನಲ್ಲ. ಹೊಯ್ಸಳ ದೊರೆಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂದು ಹೇಳಿ ಬೆಂಗಳೂರಿನ ಹೆಸರನ್ನು ವಿವರಿಸುವ ಕಥೆ, ಆ ದೊರೆಗಿಂತ ಹಿಂದಿನ, ಕ್ರಿ.ಶ. 890ರ ಸುಮಾರಿನ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದ್ದರೂ ಇಂದಿಗೂ ನಿಂತಿಲ್ಲ. ಚೀನೀ ನುಡಿಗಟ್ಟುಗಳಿಗೆ ಗ್ರಂಥಾಧಾರವಿದೆ ಎಂದ ಮಾತ್ರಕ್ಕೆ ಅವುಗಳ ಕಥೆಗಳೂ ಚಾರಿತ್ರಿಕವೆನ್ನಲಾಗದು. ಲುವಾನ್ ಷುವಿನ ಯುದ್ಧ ವಾರ್ಷಿಕ ದಾಖಲೆಯ ಚೌಕಟ್ಟಿನಲ್ಲಿದೆ. ಗೋಂಗ್‌ಮಿಂಗ್ ಯೀಯ ಹೆಸರು ಮೆನ್ಸಿಯಸನ ಗ್ರಂಥದಲ್ಲಿ ಬಂದರೂ ಅವನ ಎತ್ತು ವಾದಕ್ಕಾಗಿ ಕಟ್ಟಿದ ದೃಷ್ಟಾಂತದಂತೆಯೇ ತೋರುತ್ತದೆ. ಎರಡನ್ನೂ 'ಐತಿಹಾಸಿಕ ಮೂಲ' ಎಂಬ ಒಂದೇ ಹೆಸರಿನಿಂದ ಕರೆಯುವುದು ಸಡಿಲ ಬಳಕೆ.

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಹಲವು ದಶಕಗಳ ಶ್ರಮದಿಂದ ಹೊರತಂದ ಕನ್ನಡ ನಿಘಂಟಿನ 8 ಸಂಪುಟಗಳು, ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಆಧಾರವಾಗಿಟ್ಟು ಪದಗಳ ಚರಿತ್ರೆಯನ್ನು ತಿಳಿಯುವ ದಾರಿಯನ್ನು ತೋರಿಸಿಕೊಟ್ಟಿವೆ. ನುಡಿಗಟ್ಟುಗಳಿಗೆ ಅಷ್ಟೇ ಸಾಲದು. ಲಿಖಿತ ಪ್ರಯೋಗದ ಜೊತೆಗೆ, ಆಡಿದವರ ವೃತ್ತಿ, ಜಾತಿ, ಲಿಂಗ, ಆಡಿದ ಸಂದರ್ಭ, ಆಡಿಸಿಕೊಂಡವರು ಕೊಟ್ಟ ಮರುಮಾತು ಇವಿಷ್ಟನ್ನೂ ದಾಖಲಿಸುವ ಸಂಗ್ರಹ ಬೇಕು. ಕೋಲೆ ಬಸವನ ಹಗ್ಗ ಹಿಡಿದವರು, ಕಿನ್ನರಿ ಜೋಗಿಗಳು, ಕಪಿಲೆ ಹೊಡೆದ ನೆನಪುಳ್ಳ ವೃದ್ಧರು, ಮಾರಿಹಬ್ಬದಲ್ಲಿ ಕೋಣನನ್ನು ನಡೆಸಿಕೊಂಡು ಬರುವ ಕೆಲಸವನ್ನು ತಲೆಮಾರುಗಳಿಂದ ಹೊತ್ತ ಸಮುದಾಯದವರು, ಇವರೆಲ್ಲ ಕೇಳದವನನ್ನು ಯಾವ ಮಾತಿನಿಂದ ಕರೆಯುತ್ತಾರೆ, ಕೇಳುವಂತೆ ಹೇಳಬಲ್ಲವನನ್ನು ಯಾವ ಮಾತಿನಿಂದ ಕರೆಯುತ್ತಾರೆ ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಳ್ಳುವ ಕ್ಷೇತ್ರಕಾರ್ಯ ಬಹುಮಟ್ಟಿಗೆ ಬಾಕಿ ಇದೆ. ಕಪಿಲೆ ಬಾವಿಗಳು ಬತ್ತಿ ಬಹಳ ಕಾಲವಾಗಿದೆ. ಆ ಹಾಡುಗಳನ್ನು ಎತ್ತಿನ ಹೆಜ್ಜೆಯೊಡನೆ ಕೇಳಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.